ಒಂದು ಮುಖದ ಮೇಲೆ ನಾಲ್ಕು ಕರ್ನಾಟಕ

ಮುಖ ಜಿಡ್ಡಾಗಿ ಮಿರಮಿರ ಎನ್ನುತ್ತಿದೆ ಎಂದು ಕನ್ನಡಿ ಮುಂದೆ ನಿಂತು ಗೊಣಗುವವರ ತಕರಾರೆಲ್ಲ ನೂರರಲ್ಲಿ ನಾಲ್ಕೈದು ಪಾಲು ಬೆಳಕಿನ ಮೇಲೆ. ಚರ್ಮದ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಮೇಲ್ಮೈಯಿಂದಲೇ ಪುಟಿದು ಹಿಂದಿರುಗುವುದು ಅಷ್ಟೇ. ಉಳಿದದ್ದು ಒಳಹೊಕ್ಕು, ಅಲ್ಲಿ ಅಲೆದಾಡಿ, ಒಂದಿಷ್ಟು ಹೀರಿಹೋಗಿ, ಮಿಕ್ಕಿದ್ದು ನಮ್ಮ ಮೈಬಣ್ಣ ಹೊತ್ತು ಹೊರಗೆ ಬರುತ್ತದೆ. ಮಿರುಗು ಅಂದರೆ ಮೊದಲಿನ ಆ ನಾಲ್ಕೈದು ಪಾಲು.

ಇನ್ನೊಂದು ಸಂಗತಿ ಇದಕ್ಕಿಂತ ವಿಚಿತ್ರ. ಒಣ ಚರ್ಮದ ಹೊರಪದರದ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸುಮಾರು 1.55, ಜಿಡ್ಡಿನದು 1.46ರ ಆಸುಪಾಸು. ಎರಡನ್ನೂ ಬೆಳಕು ಪುಟಿಯುವ ಸೂತ್ರಕ್ಕೆ ಹಾಕಿ ನೋಡಿದರೆ ಒಣ ಚರ್ಮ ಹಿಂದಕ್ಕೆ ಕಳಿಸುವುದು 4.7 ಶೇಕಡಾ ಬೆಳಕು, ಎಣ್ಣೆ ಕೂತ ಚರ್ಮ ಬರೀ 3.6. ಜಿಡ್ಡು ಮುಖ ಲೆಕ್ಕದಲ್ಲಿ ಕಡಿಮೆ ಬೆಳಕನ್ನೇ ವಾಪಸು ಕೊಡುತ್ತಿದೆ! ಆದರೆ ಎಲ್ಲವನ್ನೂ ಒಂದೇ ದಿಕ್ಕಿಗೆ ಕೊಡುತ್ತದೆ. ಒಣ ಚರ್ಮದ ಗೀರು, ಗುಂಡಿ, ಸಿಪ್ಪೆಗಳ ಮೇಲೆ ಬಿದ್ದ ಬೆಳಕು ಸಿಕ್ಕಸಿಕ್ಕ ಕಡೆ ಚೆದುರುತ್ತದೆ. ಎಣ್ಣೆ ಆ ತಗ್ಗುಗಳನ್ನು ತುಂಬಿ ಮಟ್ಟಸ ಮಾಡಿದ ಕೂಡಲೇ ಬೆಳಕು ಸಾಲುಗಟ್ಟಿ ಒಂದೇ ಕಡೆ ಹೊರಡುತ್ತದೆ, ಆ ಕಡೆ ನಿಂತವರ ಕಣ್ಣಿಗೆ ಹಣೆ ಫಳಕ್ ಎನ್ನುತ್ತದೆ. ಸನ್‌ಸ್ಕ್ರೀನಿಗೆ ಮ್ಯಾಟ್ ಫಿನಿಶ್ ಕೊಡುವುದೆಂದರೆ ಬೆಳಕನ್ನು ಕಡಿಮೆ ಮಾಡುವುದಲ್ಲ, ಸಾಲನ್ನು ಮುರಿಯುವುದು.

ಮುರಿಯಲು ಎಷ್ಟು ಒರಟು ಬೇಕು? ಇದಕ್ಕೆ ಲಾರ್ಡ್ ರೇಲೀ ಹೆಸರಿನಲ್ಲಿ ಒಂದು ಅಳತೆಗೋಲಿದೆ. ನೇರವಾಗಿ ಬೀಳುವ ಬೆಳಕಿಗೆ, ಉಬ್ಬುತಗ್ಗು ಅದರ ಅಲೆಯ ಉದ್ದದ ಎಂಟನೇ ಒಂದು ಪಾಲಿಗಿಂತ ಕಡಿಮೆಯಿದ್ದರೆ ಆ ಮೇಲ್ಮೈ ನಯ; ಮೀರಿದರೆ ಒರಟು. ನಮ್ಮ ಕಣ್ಣಿಗೆ ಚೆನ್ನಾಗಿ ಕಾಣುವ ಹಸಿರು ಬೆಳಕಿನ ಅಲೆ 550 ನ್ಯಾನೊಮೀಟರ್. ಅದರ ಎಂಟನೇ ಒಂದು ಪಾಲು ಸುಮಾರು 70 ನ್ಯಾನೊಮೀಟರ್. ತಲೆಗೂದಲಿನ ದಪ್ಪ ಹೆಚ್ಚುಕಡಿಮೆ 70 ಮೈಕ್ರಾನ್ ಎಂದು ಹಿಡಿದರೆ, ಕೂದಲಿನ ಸಾವಿರದ ಒಂದು ಪಾಲು ಉಬ್ಬಿದ್ದರೆ ಸಾಕು, ಬೆಳಕಿನ ಶಿಸ್ತು ಕೆಡಲು ಶುರು. ಬೆಳಕು ಓರೆಯಾದಷ್ಟೂ ಈ ಮಿತಿ ಏರುತ್ತದೆ: 60 ಡಿಗ್ರಿ ಓರೆಗೆ 140 ನ್ಯಾನೊಮೀಟರ್, 80 ಡಿಗ್ರಿಗೆ ಸುಮಾರು 400. ಬೆಳಿಗ್ಗೆ ಮ್ಯಾಟ್ ಆಗಿ ಕಂಡ ಕೆನ್ನೆ ಸಂಜೆಯ ಅಡ್ಡಬಿಸಿಲಿಗೆ ಮತ್ತೆ ಮಿಂಚುವುದಕ್ಕೆ ಅರ್ಧ ಕಾರಣ ಇದು, ಇನ್ನರ್ಧ ಜಿಡ್ಡು.

ಇಷ್ಟು ಸಣ್ಣ ಉಬ್ಬು ಬೆರಳಿಗೆ ತಿಳಿಯುವುದೇ ಇಲ್ಲ ಎಂದುಕೊಂಡರೆ ತಪ್ಪು. ಸ್ವೀಡನ್ನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನ ಬರೀ ಬೆರಳಾಡಿಸಿ 13 ನ್ಯಾನೊಮೀಟರ್ ಎತ್ತರದ ಗೆರೆಗಳಿದ್ದ ಮೇಲ್ಮೈಯನ್ನು ನುಣುಪಾದದ್ದರಿಂದ ಬೇರೆಯಾಗಿ ಗುರುತಿಸಿದ್ದರು. ಹೀಗಾಗಿ ಸಾಲು ಮುರಿಯಲು ಸನ್‌ಸ್ಕ್ರೀನಿಗೆ ಬೆರೆಸುವ ಪುಡಿಯನ್ನು ಆರಿಸುವವರು ಕಣ್ಣು, ಬೆರಳು ಎರಡಕ್ಕೂ ಉತ್ತರ ಹೇಳಬೇಕು.

ಈಗ ಕೆನೆಯ ಕಡೆ ಬರೋಣ. ಬಿಸಿಲಿನ ರಕ್ಷಣೆಯ ಅಂಕಿಯಾದ ಎಸ್‌ಪಿಎಫ್ ಅಳೆಯುವ ಪ್ರಯೋಗಾಲಯದಲ್ಲಿ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಸನ್‌ಸ್ಕ್ರೀನ್ ಹಚ್ಚಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಅದನ್ನು ದಪ್ಪಕ್ಕೆ ತಿರುಗಿಸಿದರೆ 20 ಮೈಕ್ರಾನ್. ಅದರಲ್ಲಿ 60 ಶೇಕಡಾ ನೀರಿದ್ದು ಆವಿಯಾಗಿ ಹೋದರೆ ಉಳಿಯುವ ಪೊರೆ 8 ಮೈಕ್ರಾನ್. ಬಿಸಿಲಿನಿಂದ ಕಾಪಾಡುವುದು, ಬಣ್ಣ ಬಿಡದಿರುವುದು, ಬೆವರಿಗೆ ಕೊಚ್ಚಿಹೋಗದಿರುವುದು, ಮೇಲಿಷ್ಟು ಮ್ಯಾಟ್ ಆಗಿಯೂ ಕಾಣುವುದು, ಎಲ್ಲ ಕಸರತ್ತೂ ಕೂದಲಿನ ದಪ್ಪದ ಎಂಟನೇ ಒಂದು ಪಾಲಿನೊಳಗೇ ನಡೆಯಬೇಕು.

ಮುಖದ ವಿಸ್ತೀರ್ಣ 600 ಚದರ ಸೆಂಟಿಮೀಟರ್ ಎಂದು ಹಿಡಿಯೋಣ. ನಿಯಮದ ಪ್ರಕಾರ ಹಚ್ಚಿದರೆ 1.2 ಗ್ರಾಂ ಕೆನೆ ಬೇಕು. ಅದರಲ್ಲಿ ಮ್ಯಾಟ್ ಮಾಡುವ ಸಿಲಿಕಾ ಮಣಿಗಳು ನೂರಕ್ಕೆ ಮೂರರಂತೆ ಇದ್ದರೆ ಮುಖಕ್ಕೆ ಬಂದದ್ದು 36 ಮಿಲಿಗ್ರಾಂ, ಚಿಟಿಕೆಗೂ ಸಾಲದಷ್ಟು. ಸಿಲಿಕಾ ಎಂದರೆ ಮರಳಿನಲ್ಲಿರುವ ಅದೇ ಸಿಲಿಕಾನ್ ಡೈಆಕ್ಸೈಡ್. ಆದರೆ ಮರಳಿನದು ಸ್ಫಟಿಕ ರೂಪ. ಈ ಮಣಿಗಳು ಕಾರ್ಖಾನೆಯಲ್ಲಿ ದ್ರಾವಣದಿಂದ ಕಟ್ಟಿದ, ಸ್ಫಟಿಕವಲ್ಲದ ದುಂಡು ಕಣಗಳು. ಒಂದೊಂದರ ಅಡ್ಡಳತೆ 5 ಮೈಕ್ರಾನ್ ಇದ್ದರೆ, ಗಟ್ಟಿ ಮಣಿಯ ಲೆಕ್ಕದಲ್ಲಿ ಒಂದು ಗ್ರಾಮಿಗೆ ಸುಮಾರು 700 ಕೋಟಿ ಮಣಿ. ಭೂಮಿಯ ಮೇಲಿರುವ ಜನಸಂಖ್ಯೆಗೆ ಸ್ವಲ್ಪವೇ ಕಡಿಮೆ. ನಮ್ಮ 36 ಮಿಲಿಗ್ರಾಮಿನಲ್ಲಿ 25 ಕೋಟಿ. 2011ರ ಜನಗಣತಿಯಲ್ಲಿ ಕರ್ನಾಟಕದ ಜನ 6.11 ಕೋಟಿ; ಒಬ್ಬರ ಮುಖದ ಮೇಲೆ ನಾಲ್ಕು ಕರ್ನಾಟಕ ಬಂದು ಕೂತ ಹಾಗಾಯಿತು.

ಇಷ್ಟು ಜನ ಕೂತರೂ ಮುಖ ತುಂಬುವುದಿಲ್ಲ ಎಂಬುದೇ ಸೋಜಿಗ. ಚದರ ಸೆಂಟಿಮೀಟರಿಗೆ ನಾಲ್ಕು ಲಕ್ಷದಂತೆ ಹಂಚಿದರೂ ಅವು ಮರೆಮಾಡುವುದು ಚರ್ಮದ ಕೇವಲ 8 ಶೇಕಡಾ ಜಾಗ. ಒಂದು ಮಣಿಯ ನಡುವಿನಿಂದ ಪಕ್ಕದ ಮಣಿಯ ನಡುವಿಗೆ 15 ಮೈಕ್ರಾನ್ ಅಂತರ, ಅಂದರೆ ಮೂರು ಮಣಿಯಷ್ಟು ದೂರ. ರಂಧ್ರಗಳಿರುವ ಹಗುರ ಮಣಿಯಾದರೆ ಸಂಖ್ಯೆ ಇಮ್ಮಡಿಯಾದೀತು, ಮರೆಯಾಗುವ ಜಾಗ 16 ಶೇಕಡಾಕ್ಕೆ ಏರೀತು. ಆಗಲೂ ಮುಖದ ಬಹುಪಾಲು ಬಯಲೇ.

ಇದೇ ಕೆನೆಯಲ್ಲಿ ಬಿಸಿಲು ತಡೆಯುವ ಕೆಲಸಕ್ಕೆ 20 ಶೇಕಡಾ ಜಿಂಕ್ ಆಕ್ಸೈಡ್ ಇದೆ ಎನ್ನಿ. (ಅಮೆರಿಕದಲ್ಲೂ ಯುರೋಪಿನಲ್ಲೂ 25 ಶೇಕಡಾದವರೆಗೆ ಅನುಮತಿ ಇದೆ.) ಕಣದ ಗಾತ್ರ 50 ನ್ಯಾನೊಮೀಟರ್ ಆದರೆ ಮುಖದ ಮೇಲೆ ಬರುವ ಸಂಖ್ಯೆ 6.5 ಕೋಟಿ ಕೋಟಿ. ಪ್ರತಿಯೊಂದು ಸಿಲಿಕಾ ಮಣಿಗೆ 26 ಲಕ್ಷ ಜಿಂಕ್ ಕಣಗಳು. ಒಂದೇ ಟ್ಯೂಬಿನೊಳಗಿನ ಎರಡು ಪುಡಿಗಳ ನಡುವೆ ಇಷ್ಟೊಂದು ಅಂತರ. ಎರಡನ್ನೂ ಪುಡಿ ಎಂಬ ಒಂದೇ ಹೆಸರಿನಿಂದ ಕರೆಯುವುದು ನಮ್ಮ ಅನುಕೂಲ, ಅಷ್ಟೇ.

ಗಾತ್ರ ಆರಿಸುವುದೇ ಮೊದಲ ಪಂಚಾಯಿತಿ. ಅದೇ 36 ಮಿಲಿಗ್ರಾಂ ಸಿಲಿಕಾವನ್ನು 1 ಮೈಕ್ರಾನಿನ ಮಣಿಗಳಾಗಿ ಹಾಕಿದರೆ ಸಂಖ್ಯೆ 125 ಪಟ್ಟು ಏರಿ 3,100 ಕೋಟಿ ದಾಟುತ್ತದೆ, ಚರ್ಮದ 40 ಶೇಕಡಾ ಜಾಗ ಮುಚ್ಚುತ್ತದೆ. ಕೇಳಲು ಭರ್ಜರಿ. ಆದರೆ 8 ಮೈಕ್ರಾನಿನ ಪೊರೆಯಲ್ಲಿ ಅವೆಲ್ಲ ತಳಕ್ಕೆ ಮುಳುಗಿ ಕೂರುತ್ತವೆ, ಹೊರಗೆ ತಲೆ ಹಾಕುವುದೇ ಇಲ್ಲ. 20 ಮೈಕ್ರಾನಿನವನ್ನು ಹಾಕಿದರೆ ಉಳಿಯುವುದು 39 ಲಕ್ಷ ಮಣಿ, ಎರಡೇ ಶೇಕಡಾ ಜಾಗ. ಅವು ಪೊರೆಯಿಂದ 12 ಮೈಕ್ರಾನ್ ಮೇಲೆದ್ದು ನಿಲ್ಲುತ್ತವೆ, ಬೆರಳಿಗೆ ಪುಡಿ ಪುಡಿ ಎನ್ನಿಸಲು ತೊಡಗುತ್ತವೆ, ಒರೆಸಿದರೆ ಉರುಳಿ ಹೋಗುತ್ತವೆ. ಬಳಕೆಯಲ್ಲಿರುವ ಗಾತ್ರಗಳು ಹೆಚ್ಚಾಗಿ 3ರಿಂದ 12 ಮೈಕ್ರಾನಿನ ನಡುವೆ ಸುಳಿದಾಡುವುದು ಸುಮ್ಮನೆ ಅಲ್ಲ. ಪೊರೆಯ ದಪ್ಪವೇ ಆ ಅಳತೆಯನ್ನು ನಿಗದಿ ಮಾಡಿದೆ.

ತಲೆ ಹೊರಗೆ ಹಾಕಲೇಬೇಕು ಏಕೆ? ಇಲ್ಲಿ ಮತ್ತೆ ಸೂಚ್ಯಂಕ ಅಡ್ಡಬರುತ್ತದೆ. ಸಿಲಿಕಾದ ಸೂಚ್ಯಂಕ 1.46. ಕೆನೆಯ ಎಣ್ಣೆಯದೂ ಸುಮಾರು ಅಷ್ಟೇ. ಎರಡು ವಸ್ತುಗಳ ಸೂಚ್ಯಂಕ ಒಂದೇ ಆದರೆ ಅವುಗಳ ಗಡಿಯಲ್ಲಿ ಬೆಳಕು ತಿರುಗುವುದೂ ಇಲ್ಲ, ಪುಟಿಯುವುದೂ ಇಲ್ಲ. ಎಣ್ಣೆಯೊಳಗೆ ಮುಳುಗಿದ ಸಿಲಿಕಾ ಮಣಿ ಬೆಳಕಿನ ಮಟ್ಟಿಗೆ ಇಲ್ಲವೇ ಇಲ್ಲ. ಅದೇ ಮಣಿಯ ನೆತ್ತಿ ಗಾಳಿಗೆ ಬಂದರೆ, ಗಾಳಿಯ ಸೂಚ್ಯಂಕ 1 ಆದ್ದರಿಂದ, ಮೂರೂವರೆ ಶೇಕಡಾ ಬೆಳಕು ಆ ಗುಂಡು ನೆತ್ತಿಯಿಂದ ನಾಲ್ಕೂ ಕಡೆಗೆ ಚಿಮ್ಮುತ್ತದೆ. ಒಂದೇ ಒಂದು ಮೈಕ್ರಾನ್ ಹೊರಗೆ ಚಾಚಿಕೊಂಡರೂ ರೇಲೀಯ 70 ನ್ಯಾನೊಮೀಟರಿಗೆ ಅದು ಹದಿನಾಲ್ಕು ಪಟ್ಟು. ಮುಳುಗಿದಾಗ ಕಾಣೆ, ಎದ್ದಾಗ ಮ್ಯಾಟ್. ಬಿಳಿಚು ಬಿಡದೆ ಮಿರುಗು ಮುರಿಯುವ ಗುಣ ಸಿಲಿಕಾಕ್ಕೆ ಬಂದದ್ದು ಈ ಕಣ್ಣಾಮುಚ್ಚಾಲೆಯಿಂದ.

ಬಿಸಿಲು ತಡೆಯುವ ಇನ್ನೊಂದು ಖನಿಜ ಟೈಟಾನಿಯಂ ಡೈಆಕ್ಸೈಡಿಗೆ ಆ ಭಾಗ್ಯ ಇಲ್ಲ. ಅದರ ರೂಟೈಲ್ ರೂಪದ ಸೂಚ್ಯಂಕ 2.7ರ ಹತ್ತಿರ. ಎಣ್ಣೆಯಲ್ಲಿ ಮುಳುಗಿದ್ದರೂ ಒಂದೊಂದು ಗಡಿಯಲ್ಲಿ ಸುಮಾರು 9 ಶೇಕಡಾ ಬೆಳಕನ್ನು ಪುಟಿಸುತ್ತದೆ. ಜಿಂಕ್ ಆಕ್ಸೈಡ್, ಸೂಚ್ಯಂಕ 2, ಎರಡೂವರೆ ಶೇಕಡಾಕ್ಕೆ ತೃಪ್ತಿಪಟ್ಟುಕೊಳ್ಳುತ್ತದೆ. ಗೋಡೆಗೆ ಬಳಿಯುವ ಬಿಳಿ ಬಣ್ಣದಲ್ಲಿ ಟೈಟಾನಿಯಂ ಕಣಗಳನ್ನು 200ರಿಂದ 300 ನ್ಯಾನೊಮೀಟರಿನಲ್ಲಿ ಇಡುತ್ತಾರೆ, ಬೆಳಕಿನ ಅಲೆಯ ಅರ್ಧದಷ್ಟು. ಬೆಳಕು ಅತಿ ಹೆಚ್ಚು ಚೆದುರುವ ಗಾತ್ರ ಅದು. ನಮ್ಮ ಗೋಧಿ, ಕಂದು, ಕಪ್ಪು ಮೈಬಣ್ಣಗಳ ಮೇಲೆ ಅದೇ ಗಾತ್ರ ಬಂದರೆ ಮುಖ ಬೂದಿ ಬಳಿದುಕೊಂಡ ಹಾಗೆ ಕಾಣುತ್ತದೆ. ಮ್ಯಾಟ್ ಏನೋ ಆಯಿತು, ಮನುಷ್ಯ ಗುರುತು ಸಿಗದ ಹಾಗಾದ.

ಅದಕ್ಕಾಗಿ ಕಣವನ್ನು ಕುಗ್ಗಿಸುತ್ತಾರೆ. ಅಲೆಗಿಂತ ತೀರಾ ಸಣ್ಣ ಕಣಗಳ ಲೋಕದಲ್ಲಿ, ಅಷ್ಟೇ ತೂಕದ ಪುಡಿಯ ಕಣಗಳ ಅಡ್ಡಳತೆಯನ್ನು ಅರ್ಧಕ್ಕೆ ಇಳಿಸಿದರೆ ಅದು ಬೆಳಕು ಚೆದುರಿಸುವ ಶಕ್ತಿ ಎಂಟನೇ ಒಂದು ಪಾಲಿಗೆ ಬೀಳುತ್ತದೆ, ಹತ್ತನೇ ಒಂದಕ್ಕೆ ಇಳಿಸಿದರೆ ಸಾವಿರದ ಒಂದು ಪಾಲಿಗೆ. 20 ನ್ಯಾನೊಮೀಟರಿನ ಟೈಟಾನಿಯಂ ಒಂದು ಗ್ರಾಮಿನಲ್ಲಿ 570 ಕೋಟಿ ಕೋಟಿ ಕಣಗಳು, 70 ಚದರ ಮೀಟರ್ ಮೇಲ್ಮೈ, ಆದರೂ ಕಣ್ಣಿಗೆ ಹೆಚ್ಚುಕಡಿಮೆ ಪಾರದರ್ಶಕ. ಬಿಳುಪು ಹೋದರೆ ರಕ್ಷಣೆಯೂ ಹೋಯಿತಲ್ಲ ಎಂದು ಹಲವರು ಕೇಳುತ್ತಾರೆ. ಹೋಗುವುದಿಲ್ಲ. ಈ ಖನಿಜಗಳು ಅತಿನೇರಳೆ ಕಿರಣವನ್ನು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತವೆ ಎಂಬುದು ಡಬ್ಬಿಗಳ ಮೇಲೆ ಬರೆದು ಬರೆದು ನಿಜವೆನಿಸಿಬಿಟ್ಟ ಮಾತು. ಅಳೆದು ನೋಡಿದಾಗ ಸಿಕ್ಕ ಪ್ರತಿಫಲನ ಸರಾಸರಿ 4ರಿಂದ 5 ಶೇಕಡಾ ಮಾತ್ರ. ಉಳಿದದ್ದನ್ನು ಅವು ಹೀರಿಕೊಂಡು ಕಾಪಾಡುತ್ತವೆ. ಮಿರುಗಿನ ಕಥೆಯಲ್ಲಿ ಬಂದ ಆ 4-5 ಇಲ್ಲೂ ತಲೆ ಹಾಕಿದ್ದು ಕಾಕತಾಳೀಯ, ಆದರೂ ನೋಡಿ ನಗು ಬರುತ್ತದೆ.

ಟಾಲ್ಕ್ ಬಗ್ಗೆ ಒಂದೆರಡು ಮಾತು ಹೇಳದಿದ್ದರೆ ಸ್ನೋ-ಪೌಡರ್ ಕಾಲದವರು ಮುನಿಸಿಕೊಂಡಾರು. ಮೊದಲು ಸ್ನೋ, ಅದರ ಮೇಲೆ ಪೌಡರ್. ಈಗಿನ ಟ್ಯೂಬು ಒಂದೇ ಸಲಕ್ಕೆ ಮಾಡಹೊರಟ ಕೆಲಸವನ್ನು ಅವರು ಎರಡು ಕಂತಿನಲ್ಲಿ ಮಾಡುತ್ತಿದ್ದರು. ಖನಿಜಗಳ ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ಟಾಲ್ಕ್‌ಗೆ 1, ಅತ್ಯಂತ ಮೆದು. ಬೇಲೂರು, ಹಳೇಬೀಡಿನ ಬಳಪದ ಕಲ್ಲು ಉಳಿಗೆ ಬಗ್ಗಿದ್ದಕ್ಕೆ ಕಾರಣ ಟಾಲ್ಕ್, ಕ್ಲೋರೈಟ್ ಜಾತಿಯ ಮೆದು ಖನಿಜಗಳೇ. ಟಾಲ್ಕಿನ ಒಂದು ಹಾಳೆಯ ದಪ್ಪ 0.93 ನ್ಯಾನೊಮೀಟರ್, ಹಾಳೆಗೂ ಹಾಳೆಗೂ ಬಿಗಿಯಾದ ನಂಟಿಲ್ಲ. ಪೌಡರಿನಲ್ಲಿ ನಮಗೆ ಸಿಗುವ 1 ಮೈಕ್ರಾನ್ ದಪ್ಪದ ಒಂದು ಚೂರಿನಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಹಾಳೆಗಳು ಪೇರಿಸಿಕೊಂಡಿರುತ್ತವೆ. ಒಂದರ ಮೇಲೊಂದು ಜಾರುವುದರಿಂದಲೇ ಆ ರೇಷ್ಮೆಯಂಥ ಸ್ಪರ್ಶ. ಆದರೆ ಚಪ್ಪಟೆ ಚೂರುಗಳು ಚರ್ಮದ ಮೇಲೆ ಮಲಗಿಬಿಡುತ್ತವೆ, ಮಲಗಿದರೆ ತಾವೇ ಒಂದಿಷ್ಟು ಮಿನುಗುತ್ತವೆ. ಅಭ್ರಕ ಈ ಚಾಳಿಯಲ್ಲಿ ಇನ್ನೂ ಮುಂದೆ. ಮ್ಯಾಟ್ ಬೇಕೆಂದು ದೊಡ್ಡ ಚೂರಿನ ಅಭ್ರಕ ಹಾಕಿದರೆ ಮದುವೆಮನೆಯ ಹೊಳಪು ಗ್ಯಾರಂಟಿ. ಟಾಲ್ಕಿನ ಮೇಲೆ ಬೇರೆ ನೆರಳೂ ಬಿದ್ದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2024ರ ಜುಲೈಯಲ್ಲಿ ಅದನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ಗುಂಪಿಗೆ ಸೇರಿಸಿತು. ಹೊಸ ಕೆನೆಗೆ ಪುಡಿ ಆರಿಸುವವರು ಈಗ ಟಾಲ್ಕ್ ಡಬ್ಬಿಯತ್ತ ಕೈಚಾಚುವ ಮುನ್ನ ಎರಡು ಸಲ ಯೋಚಿಸುತ್ತಾರೆ.

ಪ್ಲಾಸ್ಟಿಕ್ ಮಣಿಗಳ ಕಥೆಯೂ ಮುಗಿಯುತ್ತ ಬಂದಿದೆ. ನೈಲಾನ್, ಪಿಎಂಎಂಎ ಮಣಿಗಳು ಬಲು ನಯವಾಗಿ ಜಾರುತ್ತಿದ್ದವು, ನಿಜ. ಯುರೋಪಿಯನ್ ಒಕ್ಕೂಟದ 2023ರ ಮೈಕ್ರೋಪ್ಲಾಸ್ಟಿಕ್ ನಿಯಮದ ಪ್ರಕಾರ ಹಚ್ಚಿ ಹಾಗೇ ಬಿಡುವ ಕೆನೆಗಳಲ್ಲಿ ಅವಕ್ಕೆ 2029ರ ಅಕ್ಟೋಬರ್‌ವರೆಗೆ ಮಾತ್ರ ವಾಯಿದೆ. ಹಾಗಾಗಿ ಎಲ್ಲರೂ ಮರಳಿ ಮಣ್ಣಿನ ಮನೆಯ ಬಾಗಿಲು ತಟ್ಟುತ್ತಿದ್ದಾರೆ.

ಸಿಲಿಕಾದ ನಿಜವಾದ ಮೋಡಿ ಇರುವುದು ಮಣಿಯ ಒಳಗೆ. ಗಟ್ಟಿಯಾದ 5 ಮೈಕ್ರಾನಿನ ಮಣಿಗಳು ಒಂದು ಗ್ರಾಂ ಇದ್ದರೆ ಅವುಗಳ ಹೊರಮೈ ಎಲ್ಲ ಸೇರಿ ಅರ್ಧ ಚದರ ಮೀಟರ್. ಅದೇ ಗಾತ್ರದ ರಂಧ್ರಮಯ ಮಣಿಗಳಾದರೆ 500 ಚದರ ಮೀಟರ್ ಸಿಗುವುದು ಸಾಮಾನ್ಯ. ಸಾವಿರ ಪಟ್ಟು, ಎಲ್ಲವೂ ಒಳಗೇ. ಬೆಂಗಳೂರಿನವರಿಗೆ ಅರ್ಥವಾಗುವಂತೆ ಹೇಳಬೇಕೆಂದರೆ ಒಂದು ಗ್ರಾಂ ಪುಡಿಯೊಳಗೆ ನಾಲ್ಕೂವರೆ 30-40 ಸೈಟು. ನಮ್ಮ ಮುಖಕ್ಕೆ ಬಂದ 36 ಮಿಲಿಗ್ರಾಮಿನೊಳಗೆ 18 ಚದರ ಮೀಟರ್, ಅಂದರೆ ಅದನ್ನು ಹೊತ್ತ ಮುಖದ 300 ಪಟ್ಟು.

ಈ ಒಳಕೋಣೆಗಳಲ್ಲಿ ಎಣ್ಣೆ ಹೋಗಿ ಕೂರುತ್ತದೆ. ಒಂದು ಗ್ರಾಂ ರಂಧ್ರಮಯ ಸಿಲಿಕಾ ಒಂದೂವರೆಯಿಂದ ಮೂರು ಗ್ರಾಂ ಎಣ್ಣೆ ಕುಡಿಯುತ್ತದೆ, ಟಾಲ್ಕ್, ಕೇಓಲಿನ್ ಜೇಡಿ ಅರ್ಧ ಗ್ರಾಂ ಕುಡಿದರೆ ಹೆಚ್ಚು. ಏರೋಜೆಲ್ ಎಂಬ ಹಗುರ ಸಿಲಿಕಾ ಆರು ಗ್ರಾಂ ದಾಟುತ್ತದೆ. 1931ರಲ್ಲಿ ಸ್ಯಾಮ್ಯುಯೆಲ್ ಕಿಸ್ಟ್ಲರ್ ತೋರಿಸಿಕೊಟ್ಟ ಈ ವಸ್ತುವಿನ ತಟ್ಟೆ ಹಿಡಿದುಕೊಂಡು ಹೋದ ನಾಸಾದ ಸ್ಟಾರ್‌ಡಸ್ಟ್ ನೌಕೆ 2004ರಲ್ಲಿ ಒಂದು ಧೂಮಕೇತುವಿನ ದೂಳು ಹಿಡಿದು, 2006ರಲ್ಲಿ ಭೂಮಿಗೆ ತಂದು ಕೊಟ್ಟಿತು. ಅದೇ ಜಾತಿಯ ವಸ್ತು ಈಗ ಮೂಗಿನ ಪಕ್ಕದ ಜಿಡ್ಡು ಹಿಡಿಯುತ್ತಿದೆ.

ಹಿಡಿಯುತ್ತದೆಯೇ? ಲೆಕ್ಕ ಹಾಕೋಣ. ಹಣೆಯ ಪ್ರತಿ ಚದರ ಸೆಂಟಿಮೀಟರಿನಲ್ಲಿ 400ರಿಂದ 900 ಜಿಡ್ಡು ಗ್ರಂಥಿಗಳಿವೆ. ಮೂರು ಗಂಟೆಗೆ ಚದರ ಸೆಂಟಿಮೀಟರಿಗೆ 0.1 ಮಿಲಿಗ್ರಾಂ ಜಿಡ್ಡು ಬರುತ್ತದೆ ಎಂಬುದು ಹಳೆಯ, ಒಪ್ಪಿತ ಅಂದಾಜು. ದಪ್ಪದಲ್ಲಿ ಹೇಳಿದರೆ 1 ಮೈಕ್ರಾನ್. ಇಡೀ ಮುಖಕ್ಕೂ ಹಣೆಯ ವೇಗವನ್ನೇ ಹಿಡಿದರೆ ಮೂರು ಗಂಟೆಗೆ 60 ಮಿಲಿಗ್ರಾಂ. ನಮ್ಮ ಸಿಲಿಕಾ ಖಾಲಿಯಾಗಿದ್ದರೆ 54ರಿಂದ 108 ಮಿಲಿಗ್ರಾಂ ಹಿಡಿದೀತು. ಬೆಳಿಗ್ಗೆ ಒಂಬತ್ತಕ್ಕೆ ಹಚ್ಚಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಭರ್ತಿ. 'ಹನ್ನೆರಡು ಗಂಟೆ ಜಿಡ್ಡಿಲ್ಲ' ಎಂಬ ಜಾಹೀರಾತು ನಿಜವಾಗಬೇಕಾದರೆ 36 ಮಿಲಿಗ್ರಾಂ ಪುಡಿ 240 ಮಿಲಿಗ್ರಾಂ ಜಿಡ್ಡು ನುಂಗಬೇಕು, ತನ್ನ ತೂಕದ ಆರೇಳು ಪಟ್ಟು. ಏರೋಜೆಲ್ಲಿಗೂ ಅದು ಮೂಗುಮಟ್ಟ.

ಖಾಲಿಯಾಗಿದ್ದರೆ ಎಂದೆನಲ್ಲ, ತೊಡಕು ಇರುವುದು ಅಲ್ಲೇ. ಆ 1.2 ಗ್ರಾಂ ಕೆನೆಯಲ್ಲಿ ಐದನೇ ಒಂದು ಪಾಲು ಎಣ್ಣೆ ಇದ್ದರೂ 240 ಮಿಲಿಗ್ರಾಂ ಆಯಿತು. ಮುಖದ ಜಿಡ್ಡು ಬರುವ ಮೊದಲೇ ಮಣಿಗಳ ಬಾಗಿಲಲ್ಲಿ ಕೆನೆಯದೇ ಎಣ್ಣೆ ನಿಂತಿರುತ್ತದೆ. ಅದರಲ್ಲಿ ಕರಗಿದ ಬಿಸಿಲು ತಡೆಯುವ ರಾಸಾಯನಿಕಗಳಿದ್ದರೆ ಅವೂ ಮಣಿಯೊಳಗೆ ಸೇರಿಕೊಳ್ಳುತ್ತವೆ. ನೀರಿಗೆ ಒಲಿಯುವ ಸಿಲಿಕಾವನ್ನು ಕೊನೆಯಲ್ಲಿ, ಕೆನೆ ತಣಿದ ಮೇಲೆ, ನೀರಿನ ಭಾಗಕ್ಕೆ ಬೆರೆಸುವುದು ಒಂದು ಉಪಾಯ; ಕೋಣೆಗಳಲ್ಲಿ ಆಗ ನೀರು ಕಾವಲು ಕೂತಿರುತ್ತದೆ, ಮುಖದ ಮೇಲೆ ಅದು ಆವಿಯಾದಾಗ ಜಾಗ ತೆರವಾಗುತ್ತದೆ. ಆಗಲೂ ಯಾರು ಮೊದಲು ನುಗ್ಗುತ್ತಾರೆ ಎಂಬುದು ಪೈಪೋಟಿಯೇ. ನನ್ನ ಕೇಳಿದರೆ ಹೀರುವ ಶಕ್ತಿಯ ಅಂಕಿಗಿಂತ ಮಣಿಯ ಅಡ್ಡಳತೆಯ ಅಂಕಿಯನ್ನು ಹೆಚ್ಚು ನಂಬುತ್ತೇನೆ. ಹೊಟ್ಟೆ ತುಂಬಿದ ಮಣಿಯೂ ನೆತ್ತಿ ಎತ್ತಿಕೊಂಡಿದ್ದರೆ ಬೆಳಕು ಚೆದುರಿಸುತ್ತಲೇ ಇರುತ್ತದೆ.

ಇಷ್ಟೆಲ್ಲ ಆದ ಮೇಲೆ ಬಿಸಿಲಿನ ಕಡೆಯ ಲೆಕ್ಕ. ಮ್ಯಾಟ್‌ಗೆ ಬೇಕಾದದ್ದು ಮುರಿದ ಪೊರೆ; ರಕ್ಷಣೆಗೆ ಬೇಕಾದದ್ದು ಎಲ್ಲೂ ಮುರಿಯದ ಪೊರೆ. ಪೊರೆಯ ಏರುಪೇರು ಎಸ್‌ಪಿಎಫ್ ಅನ್ನು ಎಷ್ಟು ಕೆಡಿಸುತ್ತದೆ ಎಂದು ಓ'ನೀಲ್ ಎಂಬ ಸಂಶೋಧಕ 1984ರಲ್ಲೇ ಗಣಿತ ಹಾಕಿ ತೋರಿಸಿದ್ದ. ಅದರ ಸರಳ ರೂಪ ಇಷ್ಟು: ಕೆನೆ ಎಷ್ಟೇ ಪ್ರಬಲವಾಗಿರಲಿ, ಚರ್ಮದ 2 ಶೇಕಡಾ ಜಾಗ ಬರಿದಾಗಿ ಉಳಿದರೆ ಎಸ್‌ಪಿಎಫ್ 50 ದಾಟುವಂತಿಲ್ಲ. 10 ಶೇಕಡಾ ಉಳಿದರೆ ಹತ್ತು ದಾಟುವಂತಿಲ್ಲ. ಒಳಗೆ ಕೋಟಿ ಕೋಟಿ ಜಿಂಕ್ ಕಣಗಳಿದ್ದರೂ ಅಷ್ಟೇ. ಮಣಿ ಎಣ್ಣೆ ಹೀರಿ ಸುತ್ತಲಿನ ಪೊರೆಯನ್ನು ತೆಳುವಾಗಿಸಿದರೆ, ಮಣಿಗಳು ಗುಂಪುಗಟ್ಟಿ ಅಲ್ಲಲ್ಲಿ ಬಯಲು ಬಿಟ್ಟರೆ, ಟ್ಯೂಬಿನ ಮೇಲಿನ ಅಂಕಿ ಉರುಳುತ್ತದೆ. ಮೂರು ಶೇಕಡಾ ಪುಡಿ ಚೆನ್ನಾಗಿದೆ, ಆರು ಹಾಕಿದರೆ ಇನ್ನೂ ಚೆನ್ನಾಗಿರುತ್ತದೆ ಎಂಬ ತರ್ಕ ಇಲ್ಲಿ ಓಡದು.

ಆದರೆ ಪ್ರಯೋಗಾಲಯದ 2 ಮಿಲಿಗ್ರಾಂ ಯಾರು ಹಚ್ಚುತ್ತಾರೆ? ಜನ ನಿಜವಾಗಿ ಹಚ್ಚುವುದು 0.4ರಿಂದ 1 ಮಿಲಿಗ್ರಾಂ ಎಂದು ಬೇರೆಬೇರೆ ಅಧ್ಯಯನಗಳು ಅಳೆದಿವೆ. ಒಣಗಿದ ಮೇಲೆ ಪೊರೆ ಎರಡರಿಂದ ನಾಲ್ಕು ಮೈಕ್ರಾನ್. 8 ಮೈಕ್ರಾನಿನಲ್ಲಿ ಮುಳುಗಿ ಹೋಗಬೇಕಿದ್ದ 5 ಮೈಕ್ರಾನಿನ ಮಣಿ ಇಲ್ಲಿ ಒಂದರಿಂದ ಮೂರು ಮೈಕ್ರಾನ್ ತಲೆ ಎತ್ತುತ್ತದೆ. ಟ್ಯೂಬಿನ ಮೇಲಿನ ಎಸ್‌ಪಿಎಫ್ ಬಂದದ್ದು ದಪ್ಪ ಪೊರೆಯಿಂದ, ಕನ್ನಡಿಯಲ್ಲಿ ಮೆಚ್ಚಿದ ಮ್ಯಾಟ್ ಬಂದದ್ದು ತೆಳು ಪೊರೆಯಿಂದ; ಎರಡನ್ನೂ ಒಟ್ಟಿಗೆ ಪಡೆದವರು ಕಡಿಮೆ. ಬೆಳಕು ಹೀರುವ ಪಠ್ಯಪುಸ್ತಕದ ನಿಯಮದಂತೆ ಎಸ್‌ಪಿಎಫ್ 50ರ ಕೆನೆಯನ್ನು ಅರ್ಧ ಹಚ್ಚಿದರೆ ಸಿಗುವುದು 25 ಅಲ್ಲ, 50ರ ವರ್ಗಮೂಲ, ಏಳು. ಚರ್ಮದ ಮೇಲಿನ ಅಳತೆಗಳು ಎಲ್ಲ ಸಲವೂ ಇಷ್ಟು ಕ್ರೂರವಾಗಿಲ್ಲ, ಆದರೆ ಇಳಿಕೆ ಇದ್ದೇ ಇದೆ. ಪೂರ್ತಿ ಪ್ರಮಾಣ ಹಚ್ಚಿಯೂ ಮ್ಯಾಟ್ ಆಗಿಯೇ ಇರಬೇಕೆಂದರೆ 8 ಮೈಕ್ರಾನಿನಿಂದ ಮೇಲೇಳುವ 10, 12 ಮೈಕ್ರಾನಿನ ಮಣಿಗಳನ್ನು ಸಣ್ಣವುಗಳ ಜೊತೆ ಬೆರೆಸಬೇಕು. ಬೆರೆಸಿದ ಮೇಲೆ ಎಸ್‌ಪಿಎಫ್ ಪರೀಕ್ಷೆಯನ್ನು ಮೊದಲಿನಿಂದ ಮಾಡಿಸಬೇಕು, ಮಣಿಯಿಲ್ಲದ ಕೆನೆಗೆ ಸಿಕ್ಕ ಅಂಕಿ ಇದಕ್ಕೆ ನಡೆಯುವುದಿಲ್ಲ.